ಓದಿದ್ದು, ಓದುತ್ತಿರುವುದು, ಓದಬೇಕಾದ್ದು: ಒಂದು ಪುಸ್ತಕಕ್ಕೆ ಒಂದೇ ಕಾರ್ಡು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ಪತ್ತೇದಾರಿ, ಹಾರರ್, ಸೈನ್ಸ್ ಫಿಕ್ಷನ್, ಫ್ಯಾಂಟಸಿ ಅಂದರೆ ಪ್ರಾಣ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಓದುತ್ತೇನೆ. ಆದರೆ ಯಾವುದರ ಲೆಕ್ಕವೂ ಸಿಗುತ್ತಿಲ್ಲ. ಒಂದೇ ಸಲಕ್ಕೆ ನಾಲ್ಕು ಪುಸ್ತಕ ಶುರುವಾಗಿರುತ್ತವೆ. ಸರಣಿಯ ಮುಂದಿನ ಭಾಗ ಬರುವಷ್ಟರಲ್ಲಿ ಹಿಂದಿನದು ಮರೆತಿರುತ್ತದೆ. ಫೋನಿನ ಆ್ಯಪ್‌ನಲ್ಲಿ ‘ಓದಬೇಕು’ ಅಂತ ಹಾಕಿರುವುದು 340 ದಾಟಿದೆ. ಅಗಾಥಾ ಕ್ರಿಸ್ಟಿಯ ಒಂದೇ ಕಾದಂಬರಿಯನ್ನು ಬೇರೆ ಬೇರೆ ಹೆಸರಲ್ಲಿ ಎರಡು ಸಲ ಕೊಂಡಿದ್ದೇನೆ. ಡೈರಿ ಒಳ್ಳೆಯದಾ, ಆ್ಯಪ್ ಒಳ್ಳೆಯದಾ? ಅಮ್ಮ ವಾರಪತ್ರಿಕೆಗಳಿಂದ ಕತ್ತರಿಸಿ ಹೊಲಿದಿಟ್ಟ ಧಾರಾವಾಹಿಗಳ ಕಟ್ಟುಗಳೂ ಮನೆಯಲ್ಲಿವೆ. ಅವನ್ನು ಲೆಕ್ಕಕ್ಕೆ ಹೇಗೆ ಸೇರಿಸಲಿ?

ಉತ್ತರ:

ಡೈರಿಯಾ ಆ್ಯಪಾ ಅನ್ನೋದನ್ನ ಆಮೇಲೆ ನೋಡೋಣ. ನಿಮ್ಮ ಪತ್ರ ಓದಿದಾಗ ನನಗೆ ಕಂಡ ತೊಂದರೆ ಬೇರೆ. ನೀವು ಮೂರು ಪಟ್ಟಿ ಇಟ್ಟುಕೊಂಡಿದ್ದೀರಿ. ಓದುತ್ತಿರುವುದಕ್ಕೆ ಒಂದು, ಮುಗಿದದ್ದಕ್ಕೆ ಒಂದು, ಮುಂದೆ ಓದಬೇಕಾದ್ದಕ್ಕೆ ಇನ್ನೊಂದು. ಪುಸ್ತಕ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ಅದರ ಹೆಸರು ಮಾತ್ರ ಹೋಗುತ್ತದೆ. ಯಾರು ಹೇಳಿದ್ದಕ್ಕೆ ಅದನ್ನು ಓದಬೇಕು ಅನ್ನಿಸಿತ್ತು, ಎಲ್ಲಿ ಓದಿ ನಿಲ್ಲಿಸಿದಿರಿ, ಯಾರ ಮೇಲೆ ಅನುಮಾನ ಇತ್ತು, ಕೊನೆಗೆ ಏನಾಯಿತು, ಇದೆಲ್ಲ ದಾರಿಯಲ್ಲೇ ಉದುರಿಹೋಗುತ್ತದೆ. ಉಳಿಯುವುದು ಹೆಸರುಗಳ ರಾಶಿ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ 26 ವರ್ಷ ಕೆಲಸ ಮಾಡಿದವನು. ಓದು ಮಾತ್ರ ನಿಮ್ಮ ಹಾಗೆಯೇ, ಪತ್ತೇದಾರಿ ಮತ್ತು ಸೈನ್ಸ್ ಫಿಕ್ಷನ್. ಲೈಬ್ರರಿ ಕೆಲಸದಿಂದ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಮೂರು ಪಟ್ಟಿ ಬೇಡ. ಒಂದು ಪುಸ್ತಕಕ್ಕೆ ಒಂದು ಕಾರ್ಡು ಮಾಡಿ. ಆ ಕಾರ್ಡು ಜಾಗ ಬದಲಿಸುತ್ತಾ ಹೋಗಲಿ.

ಹಳೇ ಲೈಬ್ರರಿಗಳಲ್ಲಿ ಚಿಕ್ಕ ಚಿಕ್ಕ ಡ್ರಾಯರ್‌ಗಳಿರುತ್ತಿದ್ದವು, ನೋಡಿರಬಹುದು. ಅದರೊಳಗೆ ಹನ್ನೆರಡೂವರೆ ಸೆಂಟಿಮೀಟರ್ ಅಗಲ, ಏಳೂವರೆ ಸೆಂಟಿಮೀಟರ್ ಎತ್ತರದ ದಪ್ಪ ಕಾರ್ಡುಗಳು, ಕೆಳಗೆ ನಡುವೆ ಒಂದು ತೂತು, ತೂತಿನೊಳಗೆ ಉದ್ದ ಸರಳು. ಕಂಪ್ಯೂಟರ್ ಬಂದ ಮೇಲೆ ಅವೆಲ್ಲ ಮೂಲೆ ಸೇರಿದವು. ಅಮೆರಿಕದಲ್ಲಿ ಲೈಬ್ರರಿಗಳಿಗೆ ಇಂಥ ಕಾರ್ಡು ಅಚ್ಚು ಹಾಕಿ ಕಳಿಸುತ್ತಿದ್ದ ಓಸಿಎಲ್‌ಸಿ ಸಂಸ್ಥೆಯೂ 2015ರಲ್ಲಿ ನಿಲ್ಲಿಸಿಬಿಟ್ಟಿತು. ನಮ್ಮಲ್ಲಿ ಉಳಿದಿದ್ದ ಖಾಲಿ ಕಾರ್ಡುಗಳ ಎರಡು ಕಟ್ಟನ್ನು ನಾನು ಕೇಳಿ ಮನೆಗೆ ತಂದುಕೊಂಡೆ. ಅವತ್ತಿನಿಂದ ನನ್ನ ಓದಿನ ಲೆಕ್ಕವೆಲ್ಲ ಅದರಲ್ಲೇ. ನಿಮಗೆ ಆ ಕಾರ್ಡೇ ಸಿಗಬೇಕು ಅಂತೇನಿಲ್ಲ. ಡ್ರಾಯಿಂಗ್ ಶೀಟ್ ಕತ್ತರಿಸಿಕೊಳ್ಳಿ, ಮದುವೆ ಕರೆಯೋಲೆಯ ಹಿಂಬದಿಯೂ ಆಗುತ್ತದೆ.

ಕಾರ್ಡು ಹುಟ್ಟುವುದು ಪುಸ್ತಕ ಬೇಕು ಅನ್ನಿಸಿದ ದಿನ. ಮೇಲೆ ಲೇಖಕರ ಹೆಸರು, ಪುಸ್ತಕದ ಹೆಸರು, ಸರಣಿಯಾದರೆ ಅದರ ಹೆಸರು ಮತ್ತು ಎಷ್ಟನೇ ಭಾಗ. ಅದರ ಕೆಳಗೆ ಒಂದು ಸಾಲು: ಯಾಕೆ. ಈ ‘ಯಾಕೆ’ ಬರೆಯದೆ ಕಾರ್ಡು ಮಾಡಲೇಬೇಡಿ. “ತಮ್ಮನ ಗೆಳೆಯ ಹೇಳಿದ್ದು, ಕೊಲೆ ನಡೆಯುವುದು ಲೈಟ್‌ಹೌಸಿನಲ್ಲಿ” ಅಂತಿದ್ದರೆ ಎರಡು ವರ್ಷದ ಮೇಲೂ ಆ ಆಸೆ ಹಾಗೇ ಇರುತ್ತದೆ. “ಚೆನ್ನಾಗಿದೆಯಂತೆ” ಅಂತಿದ್ದರೆ ನಾಳೆಗೇ ಅದು ಸತ್ತ ಸಾಲು.

ಪುಸ್ತಕ ಓದಲು ತೆಗೆದುಕೊಂಡಾಗ ಅದೇ ಕಾರ್ಡು ಪುಸ್ತಕದೊಳಗೆ ಹೋಗುತ್ತದೆ, ಬುಕ್‌ಮಾರ್ಕ್ ಆಗಿ. ಓದು ಮುಗಿದಾಗ ಹೊರಗೆ ಬರುತ್ತದೆ. ಅಂತ್ಯವನ್ನು ಅದರ ಹಿಂಬದಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಅಷ್ಟೇ. ಯಾವ ಪುಸ್ತಕ ಯಾವ ಸ್ಥಿತಿಯಲ್ಲಿದೆ ಅಂತ ಬೇರೆ ಕಡೆ ಬರೆಯಬೇಕಾಗಿಲ್ಲ, ಕಾರ್ಡು ಎಲ್ಲಿದೆ ಅನ್ನುವುದೇ ಅದನ್ನು ಹೇಳುತ್ತದೆ.

ಈಗ ನಿಮ್ಮ ಒಂದೊಂದೇ ಕಷ್ಟಕ್ಕೆ ಬರುತ್ತೇನೆ.

ನಾಲ್ಕು ಪುಸ್ತಕ ಒಟ್ಟಿಗೆ ಓದುವುದು ತಪ್ಪೇನಲ್ಲ. ನಾನೂ ಮೂರು ಓದುತ್ತಿರುತ್ತೇನೆ. ಆದರೆ ಒಂದೇ ಜಾತಿಯ ಎರಡನ್ನು ಒಟ್ಟಿಗೆ ಹಿಡಿಯುವುದಿಲ್ಲ. ಪತ್ತೇದಾರಿ ಕಾದಂಬರಿ ಬೇರೆ ಕಾದಂಬರಿಗಳ ಹಾಗಲ್ಲ ಅಲ್ವಾ, ಅದು ನಿಮ್ಮ ನೆನಪನ್ನೇ ನಂಬಿಕೊಂಡು ಆಡುವ ಆಟ. 40ನೇ ಪುಟದಲ್ಲಿ ಒಬ್ಬಳು ಕೆಲಸದವಳು “ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು” ಅಂದಿರುತ್ತಾಳೆ, 210ನೇ ಪುಟದಲ್ಲಿ ಅದೇ ಮಾತು ತಿರುಗಿಬಿದ್ದು ಕೊಲೆಗಾರನನ್ನು ಹಿಡಿದುಕೊಡುತ್ತದೆ. ನಡುವೆ ನೀವು ಇನ್ನೊಂದು ಮನೆ, ಇನ್ನೊಂದು ಹೆಣ, ಇನ್ನೊಬ್ಬಳು ಕೆಲಸದವಳನ್ನು ತಲೆಯೊಳಗೆ ಬಿಟ್ಟುಕೊಂಡಿದ್ದರೆ ಎರಡೂ ಕಥೆ ಕಲಸಿಹೋಗುತ್ತವೆ. ಲೇಖಕರು ಅಷ್ಟು ಕಷ್ಟಪಟ್ಟು ಹೆಣೆದದ್ದು ನಿಮಗೆ ಸಿಗುವುದೇ ಇಲ್ಲ. ಹಾಗಾಗಿ ಒಂದು ಪತ್ತೇದಾರಿ, ಒಂದು ದಪ್ಪನೆಯ ಫ್ಯಾಂಟಸಿ ಅಥವಾ ಸೈನ್ಸ್ ಫಿಕ್ಷನ್, ಒಂದು ಕಥಾಸಂಕಲನ. ಸಂಕಲನ ಬಸ್ಸಿಗೆ, ಬ್ಯಾಂಕಿನ ಊಟದ ಹೊತ್ತಿಗೆ. ನಾಲ್ಕನೆಯದು ಬೇಕೇಬೇಕು ಅನ್ನಿಸಿದರೆ ಮೂರರಲ್ಲಿ ಒಂದರ ಕಾರ್ಡು ಹೊರಗೆ ಬರಬೇಕು.

ಓದುವಾಗ ಕಾರ್ಡಿನ ಮೇಲೆ ಏನು ಬರೆಯಬೇಕು ಅನ್ನುವುದು ಪುಸ್ತಕದ ಜಾತಿಯ ಮೇಲೆ ಹೋಗುತ್ತದೆ. ಪತ್ತೇದಾರಿಯಾದರೆ ಪಾತ್ರಗಳ ಹೆಸರು, ಒಬ್ಬೊಬ್ಬರಿಗೂ ಎರಡು ಪದ. ಆಮೇಲೆ ಸರಿಯಾಗಿ ಅರ್ಧ ಪುಸ್ತಕಕ್ಕೆ ಬಂದಾಗ ನಿಲ್ಲಿಸಿ, ಕೊಲೆ ಯಾರು ಮಾಡಿದ್ದು ಅಂತ ನಿಮಗೆ ಅನ್ನಿಸುತ್ತದೋ ಅದನ್ನು ಬರೆಯಿರಿ, ಕಾರಣದ ಸಮೇತ. ನನ್ನ ಮುಂದಿರುವ ಒಂದು ಕಾರ್ಡಿನಲ್ಲಿ ಹೀಗಿದೆ: “ಪು. 138. ಡಾಕ್ಟರು. ಗಡಿಯಾರ ನಿಂತ ಹೊತ್ತು ಅವರೊಬ್ಬರಿಗೇ ಗೊತ್ತು.” ಅದರ ಕೆಳಗೆ ಬೇರೆ ಪೆನ್ನಿನಲ್ಲಿ: “ಅಲ್ಲ. ಡಾಕ್ಟರು ಸೊಸೆಯನ್ನು ಕಾಪಾಡುತ್ತಿದ್ದರು. ಗಡಿಯಾರದ ವಿಷಯ ಅವಳೇ ಹೇಳಿದ್ದು, ಪು. 52.” ಈ ಎರಡು ಸಾಲು ನೋಡಿದರೆ ಸಾಕು, ಇಡೀ ಕಾದಂಬರಿ ಎದ್ದು ನಿಲ್ಲುತ್ತದೆ. ಹತ್ತು ಪುಟದ ಸಾರಾಂಶ ಬರೆದಿದ್ದರೂ ನನಗೆ ಇಷ್ಟು ನೆನಪಾಗುತ್ತಿರಲಿಲ್ಲ. ಎಲ್ಲಿ ದಾರಿ ತಪ್ಪಿದೆವೋ ಆ ಜಾಗ ಚೆನ್ನಾಗಿ ನೆನಪಿರುತ್ತದೆ. ಇಂಥ ಮೂವತ್ತು ನಲವತ್ತು ಕಾರ್ಡು ಸೇರಿದ ಮೇಲೆ ಒಂದು ದಿನ ಕೂತು ಓದಿ ನೋಡಿ. ಯಾವ ಲೇಖಕರು ನಿಮ್ಮನ್ನು ಪ್ರತಿ ಸಲ ಹೇಗೆ ದಾರಿ ತಪ್ಪಿಸುತ್ತಾರೆ ಅನ್ನುವುದು ಕಾಣುತ್ತದೆ. ಅದು ದೊಡ್ಡ ಖುಷಿ.

ಸೈನ್ಸ್ ಫಿಕ್ಷನ್ ಆದರೆ ಆ ಲೋಕದ ಕಟ್ಟಳೆ ಬರೆದಿಡಿ. ಇಲ್ಲಿ ಏನು ಸಾಧ್ಯ, ಏನು ಸಾಧ್ಯವಿಲ್ಲ. ಬೆಳಕಿಗಿಂತ ವೇಗವಾಗಿ ಹೋಗಬಹುದಾ? ಸತ್ತವರ ನೆನಪನ್ನು ಉಳಿಸಬಹುದಾ? ಮೊದಲ ಐವತ್ತು ಪುಟದಲ್ಲಿ ಇದು ಗೊತ್ತಾಗಿರುತ್ತದೆ, ಕೊನೆಯ ಐವತ್ತರಲ್ಲಿ ಅದೇ ಬೇಕಾಗುತ್ತದೆ. ಫ್ಯಾಂಟಸಿಗೆ ವಂಶಾವಳಿ, ಊರುಗಳ ಹೆಸರು. ಹಾರರ್‌ಗೆ ಏನೂ ಬೇಡ. ಪುಟದ ನಂಬರು ಸಾಕು, ಅದನ್ನು ಒಂದೇ ಉಸಿರಿಗೆ ಓದಬೇಕು.

ಇನ್ನು ಮುಗಿದದ್ದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ನಾನು ಚಿಕ್ಕವನಿದ್ದಾಗ ನಮ್ಮೂರಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಸಣ್ಣ ಅಂಗಡಿ, ಮುಂದೆ ವಾರಪತ್ರಿಕೆಗಳ ದಾರ, ಒಳಗೆ ಗೋಡೆ ತುಂಬ ಕಂದು ಕಾಗದ ಹೊದಿಸಿದ ಕಾದಂಬರಿಗಳು. ದಿನದ ಲೆಕ್ಕದಲ್ಲಿ ಬಾಡಿಗೆ. ಅಲ್ಲಿನ ಪುಸ್ತಕಗಳಲ್ಲಿ 31ನೇ ಪುಟ ತೆಗೆದರೆ ಪುಟದ ನಂಬರಿನ ಸುತ್ತ ಏನೇನೋ ಗುರುತು. ಒಂದು ಚುಕ್ಕೆ, ಒಂದು ಸಣ್ಣ ಹೂವು, ಒಂದು ‘ಸ’, ಪೆನ್ಸಿಲ್‌ನ ಎರಡು ಗೀಟು. ಓದಿ ವಾಪಸ್ ಕೊಡುವ ಮುಂಚೆ ಒಬ್ಬೊಬ್ಬರೂ ತಮ್ಮ ತಮ್ಮ ಗುರುತು ಹಾಕಿಡುತ್ತಿದ್ದರು, ಮತ್ತೆ ಅದನ್ನೇ ತೆಗೆದುಕೊಂಡು ಹೋಗಬಾರದು ಅಂತ. ನಮ್ಮ ಸೋದರತ್ತೆಯ ಗುರುತು ‘ಸ’ದ ಪಕ್ಕದಲ್ಲಿ ಒಂದು ಸೊನ್ನೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಅವರು ಓದುತ್ತಿದ್ದದ್ದು ಹಾಗೇ. ಐನೂರಕ್ಕೂ ಜಾಸ್ತಿ ಕಾದಂಬರಿ ಬರೆದವರು ನರಸಿಂಹಯ್ಯ. ಪತ್ತೇದಾರ ಪುರುಷೋತ್ತಮನ ಯಾವ ಸಾಹಸ ಓದಿದ್ದು, ಯಾವುದು ಬಾಕಿ ಅಂತ ಬರೀ ಹೆಸರಿನಿಂದ ನೆನಪಿಟ್ಟುಕೊಳ್ಳುವುದು ಯಾರಿಗೂ ಆಗದ ಮಾತು. ಆ ಸೊನ್ನೆ ನನ್ನ ಮಟ್ಟಿಗೆ ಓದಿನ ಲೆಕ್ಕದ ಮೊದಲ ಪಾಠ. ಪುಸ್ತಕದ ಲೆಕ್ಕ ಪುಸ್ತಕದೊಳಗೇ ಇರಬೇಕು, ಕೈಗೆ ತೆಗೆದುಕೊಂಡ ಕೂಡಲೇ ಸಿಗಬೇಕು.

ಅತ್ತೆಯ ಸೊನ್ನೆ ‘ಓದಿದೆ’ ಅಂತ ಮಾತ್ರ ಹೇಳುತ್ತಿತ್ತು. ಅವರಿಗೆ ಅಷ್ಟು ಸಾಕಿತ್ತು, ಯಾಕೆಂದರೆ ಆ ಕಾದಂಬರಿಗಳು ಒಂದೊಂದೂ ಅಲ್ಲಲ್ಲಿಗೇ ಮುಗಿಯುತ್ತಿದ್ದವು. ನೀವು ಓದುವ ಸರಣಿಗಳಿಗೆ ಅದು ಸಾಲದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಫ್ಯಾಂಟಸಿ ಸರಣಿಯ ಮೊದಲ ಭಾಗ ಬಂದದ್ದು 1996ರಲ್ಲಿ, ಐದನೆಯದು 2011ರಲ್ಲಿ. ಆರನೆಯದಕ್ಕೆ ಓದುಗರು ಆವತ್ತಿನಿಂದ ಕಾಯುತ್ತಿದ್ದಾರೆ. ರಾಬರ್ಟ್ ಜೋರ್ಡನ್ ಅವರ ‘ವೀಲ್ ಆಫ್ ಟೈಮ್’ 1990ರಲ್ಲಿ ಶುರುವಾಗಿ 2013ರಲ್ಲಿ ಮುಗಿಯಿತು. 14 ಸಂಪುಟ. ನಡುವೆ 2007ರಲ್ಲಿ ಲೇಖಕರೇ ತೀರಿಕೊಂಡರು, ಕೊನೆಯ ಮೂರನ್ನು ಅವರ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದರು. ಇಷ್ಟು ಉದ್ದದ ಕಥೆಯನ್ನು ಯಾರ ತಲೆ ಹೊತ್ತುಕೊಂಡಿರುತ್ತದೆ ಹೇಳಿ. ಪ್ರತಿ ಸಲ ಮೊದಲಿನಿಂದ ಓದುತ್ತಾ ಕೂರಲು ನಿಮಗೆ ಬ್ಯಾಂಕ್ ಕೆಲಸ ಇದೆ, ಮನೆ ಇದೆ.

ಅದಕ್ಕೇ ಕಾರ್ಡಿನ ಹಿಂಬದಿ. ಪುಸ್ತಕ ಮುಗಿದ ಎರಡು ದಿನದೊಳಗೆ ಐದಾರು ಸಾಲು ಬರೆಯಿರಿ. ಇಲ್ಲಿ ಅಭಿಪ್ರಾಯ ಬೇಡ, ನಕ್ಷತ್ರ ಬೇಡ. ಯಾರು ಬದುಕಿದ್ದಾರೆ, ಯಾರು ಸತ್ತರು. ಕೊನೆಯ ಪುಟದಲ್ಲಿ ಯಾರು ಎಲ್ಲಿದ್ದಾರೆ. ಯಾರಿಗೆ ಯಾವ ಗುಟ್ಟು ಗೊತ್ತಾಗಿದೆ, ಯಾರಿಗೆ ಇನ್ನೂ ಗೊತ್ತಿಲ್ಲ. ಕತ್ತಿಯೋ ಪತ್ರವೋ ಉಂಗುರವೋ, ಅದು ಈಗ ಯಾರ ಕೈಯಲ್ಲಿದೆ. ಯಾವ ಗಂಟು ಬಿಚ್ಚದೆ ಉಳಿಯಿತು. ಬರೆದು ದಿನಾಂಕ ಹಾಕಿ. ಮೂರು ವರ್ಷದ ಮೇಲೆ ಮುಂದಿನ ಭಾಗ ಬಂದಾಗ ಆ ಕಾರ್ಡು ತೆಗೆದು ಓದಿ, ಹಿಂದಿನ ಪುಸ್ತಕದ ಕೊನೆಯ ಅಧ್ಯಾಯ ಒಂದನ್ನು ತಿರುವಿ ಹಾಕಿ, ನೇರ ಹೊಸದಕ್ಕೆ ಹೋಗಿ. ಎರಡು ದಿನ ಅಂತ ಯಾಕೆ ಹೇಳಿದೆ ಅಂದರೆ, ವಾರ ಬಿಟ್ಟು ಬರೆದಾಗ ಕಥೆಯ ಬದಲು ಕಥೆಯ ಬಗ್ಗೆ ನಮಗನ್ನಿಸಿದ್ದು ಮಾತ್ರ ಬರುತ್ತದೆ. “ಅಂತ್ಯ ಅದ್ಭುತ” ಅಂತ ಬರೆದ ಮೂರು ಕಾರ್ಡು ನನ್ನ ಡಬ್ಬಿಯಲ್ಲಿವೆ. ಅಂತ್ಯ ಏನು ಅಂತ ಮೂರರಲ್ಲಿ ಒಂದರದ್ದೂ ನನಗೆ ನೆನಪಿಲ್ಲ.

ಸರಣಿಯ ಕ್ರಮದ ಮಾತೂ ಇಲ್ಲೇ ಬರಲಿ. ಕಾರ್ಡಿನಲ್ಲಿ ‘ಎಷ್ಟನೇ ಭಾಗ’ ಅಂತ ಬರೆಯುವಾಗ ಎರಡು ಲೆಕ್ಕ ಇರುತ್ತದೆ: ಪ್ರಕಟವಾದ ಕ್ರಮ, ಕಥೆಯೊಳಗಿನ ಕಾಲದ ಕ್ರಮ. ಷರ್ಲಾಕ್ ಹೋಮ್ಸ್‌ನನ್ನು ಕಾನನ್ ಡಾಯ್ಲ್ 1893ರಲ್ಲಿ ಜಲಪಾತಕ್ಕೆ ತಳ್ಳಿ ಮುಗಿಸಿದರು. 1901ರಲ್ಲಿ ಬ್ಯಾಸ್ಕರ್‌ವಿಲ್ ನಾಯಿಯ ಕಥೆ ಪತ್ರಿಕೆಯಲ್ಲಿ ಶುರುವಾಯಿತು, ಅದನ್ನು ಹೋಮ್ಸ್ ಸಾಯುವ ಮುಂಚೆ ನಡೆದದ್ದು ಅಂತ ಇಟ್ಟರು. ನಿಜವಾಗಿ ಅವನನ್ನು ಬದುಕಿಸಿದ್ದು 1903ರಲ್ಲಿ. ಐಸಾಕ್ ಅಸಿಮೋವ್ ಅವರ ಸೈನ್ಸ್ ಫಿಕ್ಷನ್ ಸರಣಿ ‘ಫೌಂಡೇಶನ್’ ಇನ್ನೂ ಸ್ವಾರಸ್ಯ. ಮೊದಲ ಮೂರು ಪುಸ್ತಕ 1951ರಿಂದ 1953ರೊಳಗೆ ಬಂದವು. ಮುಂದಿನ ಕಥೆ 1982ರಲ್ಲಿ ಮತ್ತು 1986ರಲ್ಲಿ. ಆಮೇಲೆ 1988ರಲ್ಲಿ ಎಲ್ಲಕ್ಕಿಂತ ಹಿಂದೆ ನಡೆದ ಕಥೆ! ಕಾಲದ ಕ್ರಮ ಅಂತ 1988ರ ಪುಸ್ತಕದಿಂದ ಶುರು ಮಾಡಿದರೆ ಹಿಂದೆ ಬಂದ ಪುಸ್ತಕಗಳು ಗುಟ್ಟಾಗಿ ಇಟ್ಟುಕೊಂಡಿದ್ದದ್ದು ಮೊದಲ ದಿನವೇ ಕೈಗೆ ಬಂದುಬಿಡುತ್ತದೆ. ಮೊದಲ ಓದಿಗೆ ಪ್ರಕಟವಾದ ಕ್ರಮವೇ ಸರಿ, ಇದು ನನ್ನ ಗಟ್ಟಿ ಅಭಿಪ್ರಾಯ. ಲೇಖಕರು ಓದುಗರ ತಲೆಯೊಳಗೆ ಏನಿದೆ ಅಂತ ಲೆಕ್ಕ ಹಾಕಿ ಬರೆದಿರುತ್ತಾರೆ, ಆ ಲೆಕ್ಕ ಕೆಡಿಸಬೇಡಿ. ಎರಡನೇ ಓದಿಗೆ ಕಾಲದ ಕ್ರಮ ಇಟ್ಟುಕೊಳ್ಳಿ.

ಎರಡು ಸಲ ಕೊಂಡ ಅಗಾಥಾ ಕ್ರಿಸ್ಟಿಗೆ ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಅವರ ಎಷ್ಟೋ ಕಾದಂಬರಿಗಳಿಗೆ ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. 1934ರ ‘ಮರ್ಡರ್ ಆನ್ ದ ಓರಿಯಂಟ್ ಎಕ್ಸ್‌ಪ್ರೆಸ್’ ಅಮೆರಿಕದಲ್ಲಿ ‘ಮರ್ಡರ್ ಇನ್ ದ ಕ್ಯಾಲೇ ಕೋಚ್’ ಅಂತ ಬಂತು. ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಎರಡೂ ಪಕ್ಕಪಕ್ಕದಲ್ಲೇ ಸಿಗಬಹುದು. ಇದಕ್ಕೆ ಲೈಬ್ರರಿಯವರ ಅಭ್ಯಾಸವೇ ಮದ್ದು: ಕೊಳ್ಳುವ ಮುಂಚೆ ರಕ್ಷಾಪುಟ ಬಿಟ್ಟು ಒಳಗಿನ ಮುದ್ರಣ ವಿವರದ ಪುಟ ನೋಡಿ. ಬೇರೆ ಹೆಸರಿನಲ್ಲಿ ಬಂದಿದ್ದರೆ ಸಾಮಾನ್ಯವಾಗಿ ಅಲ್ಲಿ ಸಣ್ಣಕ್ಷರದಲ್ಲಿ ಹೇಳಿರುತ್ತಾರೆ. ಮೊದಲು ಅಚ್ಚಾದ ವರ್ಷವೂ ಅಲ್ಲೇ ಇರುತ್ತದೆ, ಅದನ್ನು ಕಾರ್ಡಿಗೆ ಹಾಕಿ. ಹೆಸರು ಬೇರೆಯಾದರೂ ಲೇಖಕರು ಮತ್ತು ವರ್ಷ ಒಂದೇ ಆಗಿದ್ದರೆ ಅನುಮಾನ ಪಡಿ.

ಕನ್ನಡ ಪುಸ್ತಕಗಳಲ್ಲಿ ಈ ಪುಟವನ್ನು ನಾನು ಪ್ರೀತಿಯಿಂದ ಓದುತ್ತೇನೆ. ಮೊದಲ ಮುದ್ರಣ, ಮರುಮುದ್ರಣ, ಪುಟಗಳೆಷ್ಟು, ಬೆಲೆ, ಪ್ರತಿಗಳೆಷ್ಟು, 70 ಜಿಎಸ್‌ಎಂ ಮ್ಯಾಪ್‌ಲಿಥೋ ಅಂತ ಕಾಗದದ ತೂಕ ಮತ್ತು ಜಾತಿ, 1/8 ಡೆಮಿ ಅಂತ ಪುಸ್ತಕದ ಅಳತೆ, ಎಲ್ಲ ಇರುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟು ಪ್ರತಿ ಅಚ್ಚಾಯಿತು ಅಂತ ಯಾರು ಹೇಳುತ್ತಾರೆ? ಈ ಪ್ರತಿಗಳ ಸಂಖ್ಯೆ ನಿಮ್ಮ ‘ಮುಂದೆ ಓದಬೇಕಾದ್ದು’ ಪಟ್ಟಿಗೆ ಬಹಳ ಮುಖ್ಯ.

ಯಾಕೆ ಅಂದರೆ ಆ 340ರಲ್ಲಿ ಮೂರು ಬೇರೆ ಬೇರೆ ಜಾತಿಯ ಪುಸ್ತಕಗಳು ಸೇರಿಕೊಂಡಿವೆ. ಇನ್ನೂ ಪ್ರಕಟವಾಗದ್ದು. ಪ್ರಕಟವಾಗಿದೆ, ಕೊಂಡಿಲ್ಲ. ಕೊಂಡಾಗಿದೆ, ಕಪಾಟಿನಲ್ಲಿದೆ. ಈ ಮೂರನ್ನು ಒಂದೇ ರಾಶಿಯಲ್ಲಿ ಇಟ್ಟರೆ ಭಯ ಆಗುವುದು ಸಹಜ. ಬೇರೆ ಮಾಡಿದ ತಕ್ಷಣ ಒಂದೊಂದಕ್ಕೆ ಮಾಡಬೇಕಾದ ಕೆಲಸ ಏನು ಅಂತ ಗೊತ್ತಾಗುತ್ತದೆ.

ಇನ್ನೂ ಬರಬೇಕಾದ್ದಕ್ಕೆ ಕಾರ್ಡೇ ಬೇಡ. ಸರಣಿಯ ಹಿಂದಿನ ಭಾಗದ ಕಾರ್ಡಿನ ಮೂಲೆಯಲ್ಲಿ “ಮುಂದಿನದು ಬಾಕಿ” ಅಂತ ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಸೈನ್ಸ್ ಫಿಕ್ಷನ್, ಫ್ಯಾಂಟಸಿ, ಹಾರರ್‌ಗಳಲ್ಲಿ ಏನೇನು ಬರಲಿದೆ ಅಂತ ‘ಲೋಕಸ್’ ಪತ್ರಿಕೆ ಮೊದಲೇ ಪಟ್ಟಿ ಕೊಡುತ್ತದೆ. ಯಾವ ಕಥೆ ಯಾವ ವರ್ಷ ಎಲ್ಲಿ ಬಂತು ಅನ್ನುವುದಕ್ಕೆ ‘ಐಎಸ್‌ಎಫ್‌ಡಿಬಿ’ ಅಂತ ಒಂದು ದೊಡ್ಡ ಉಚಿತ ದಾಖಲೆ ಇದೆ, ಓದುಗರೇ ಸೇರಿ ಕಟ್ಟಿದ್ದು, ಸರಣಿಯ ಕ್ರಮ ನೋಡಲು ನಾನು ಮೊದಲು ಹೋಗುವುದು ಅಲ್ಲಿಗೇ.

ಕೊಂಡು ಕಪಾಟಿನಲ್ಲಿರುವುದರ ಕಾರ್ಡನ್ನು ಈಗಲೇ ಆ ಪುಸ್ತಕದೊಳಗೆ, ಮೊದಲ ಪುಟದಲ್ಲಿ ಇಟ್ಟುಬಿಡಿ. ನಿಮ್ಮ ನಿಜವಾದ ‘ಓದಬೇಕು’ ಪಟ್ಟಿ ಅದು. ಕಣ್ಣಿಗೆ ಕಾಣುತ್ತಿರುತ್ತದೆ.

ಉಳಿದದ್ದು ಪ್ರಕಟವಾಗಿದೆ, ಕೊಂಡಿಲ್ಲ ಅನ್ನುವ ಗುಂಪು. ಇಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ನಿಯಮ. ಇಂಗ್ಲಿಷಿನ ಹೆಸರಾದ ಕಾದಂಬರಿ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ಕನ್ನಡದ ಕಾದಂಬರಿ ಐನೂರೋ ಸಾವಿರವೋ ಪ್ರತಿ ಅಚ್ಚಾಗಿರುತ್ತದೆ, ಆ ಪ್ರತಿಗಳು ತೀರಿದರೆ ಮರುಮುದ್ರಣ ಆಗುವವರೆಗೆ ಕಾಯಬೇಕು, ಆಗದೆಯೂ ಇರಬಹುದು. ಕನ್ನಡದಲ್ಲಿ ಒಳ್ಳೆಯ ಥ್ರಿಲ್ಲರ್, ಒಳ್ಳೆಯ ಸೈನ್ಸ್ ಫಿಕ್ಷನ್ ಬರುವುದೇ ಕಡಿಮೆ, ಬಂದಾಗ ತಪ್ಪಿಸಿಕೊಳ್ಳಬಾರದು. ಹಾಗಾಗಿ ಕನ್ನಡದ ಕಾರ್ಡಿಗೆ ನಾನು ಮೂಲೆಯಲ್ಲಿ ಕೆಂಪು ಗೀಟು ಹಾಕುತ್ತೇನೆ. ಕೆಂಪು ಗೀಟು ಇದ್ದರೆ ಮೊದಲು ಕೊಳ್ಳುವುದು, ಓದುವುದು ಯಾವಾಗಲಾದರೂ ಆಗಲಿ. ಪ್ರಕಾಶಕರು ಮುಂಗಡ ಬುಕಿಂಗ್ ತೆರೆದರೆ ಅಲ್ಲೇ ಹೇಳಿಬಿಡಿ. ಅಂಚೆಯಲ್ಲಿ ದಾವಣಗೆರೆಗೆ ಬರುತ್ತದೆ.

ಆ್ಯಪ್‌ನಲ್ಲಿರುವ 340ನ್ನು ಕೂತು ಕಾರ್ಡಿಗೆ ಇಳಿಸಲು ಹೋಗಬೇಡಿ. ಒಂದು ಭಾನುವಾರ ಪಟ್ಟಿ ತೆರೆದು ಮೇಲಿನಿಂದ ಕೆಳಗೆ ಹೋಗಿ. ಪ್ರತಿ ಹೆಸರಿಗೂ ‘ಯಾಕೆ’ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಒಂದು ವಾಕ್ಯದಲ್ಲಿ ಉತ್ತರ ಬಂದರೆ ಕಾರ್ಡು, ಬರದಿದ್ದರೆ ಬಿಟ್ಟುಬಿಡಿ. ಬಹಳಷ್ಟು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಅವು ನಿಮ್ಮ ಆಸೆಗಳೇ ಆಗಿರಲಿಲ್ಲ, ಯಾರೋ ಹೊಗಳಿದ್ದಕ್ಕೆ ಬೆರಳು ಒತ್ತಿದ್ದು. ಆಮೇಲೆ ವರ್ಷಕ್ಕೊಮ್ಮೆ, ನಾನು ಯುಗಾದಿಗೆ ಮನೆ ಧೂಳು ತೆಗೆಯುವಾಗ ಮಾಡುತ್ತೇನೆ, ಡಬ್ಬಿಯ ಈ ಗುಂಪನ್ನು ಒಂದು ಸಲ ನೋಡಿ. ‘ಯಾಕೆ’ ಸಾಲು ಓದಿದಾಗ ಮನಸ್ಸು ಅಲುಗಾಡದಿದ್ದರೆ ಹರಿದು ಹಾಕಿ.

ಅರ್ಧಕ್ಕೆ ಬಿಟ್ಟ ಪುಸ್ತಕದ ಕಾರ್ಡು ಮಾತ್ರ ಹರಿಯಬೇಡಿ. ಎಷ್ಟನೇ ಪುಟದಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬರೆದು ಮುಗಿದವುಗಳ ಜೊತೆಗೇ ಇಡಿ. “ಪು. 88, ಮಗುವಿಗೆ ಜ್ವರ ಇತ್ತು” ಅಂತಿದ್ದರೆ ಮತ್ತೆ ಓದಬೇಕಾದ ಪುಸ್ತಕ ಅದು. “ಪು. 88, ಪತ್ತೇದಾರನಿಗೆ ಎಲ್ಲ ಸುಳಿವೂ ಕಾಕತಾಳೀಯವಾಗಿ ಸಿಗುತ್ತಿದೆ” ಅಂತಿದ್ದರೆ ಆ ಲೇಖಕರ ಮುಂದಿನದಕ್ಕೆ ದುಡ್ಡು ಹಾಕುವ ಮುಂಚೆ ಯೋಚಿಸುತ್ತೀರಿ.

ಈಗ ಆ್ಯಪ್. ಬೇಡ ಅನ್ನುವವನಲ್ಲ ನಾನು. ಲೈಬ್ರರಿಥಿಂಗ್ 2005ರಿಂದ ಇದೆ, ಗುಡ್‌ರೀಡ್ಸ್ 2007ರಿಂದ, 2013ರಲ್ಲಿ ಅದನ್ನು ಅಮೆಜಾನ್ ಕೊಂಡಿತು. ಸ್ಟೋರಿಗ್ರಾಫ್ ಆಮೇಲೆ ಬಂದದ್ದು, ಗುಡ್‌ರೀಡ್ಸ್‌ನಲ್ಲಿರುವ ನಿಮ್ಮ ಪಟ್ಟಿಯನ್ನು ಅದು ಹಾಗೇ ಒಳಗೆ ತೆಗೆದುಕೊಳ್ಳುತ್ತದೆ. ಇಂಗ್ಲಿಷ್ ಪುಸ್ತಕಗಳಿಗೆ ಇವು ಚೆನ್ನಾಗಿಯೇ ಇವೆ. ಕನ್ನಡಕ್ಕೆ ಬಂದಾಗ ಕಷ್ಟ. ತೇಜಸ್ವಿಯವರ ‘ಕರ್ವಾಲೊ’ ಹುಡುಕಿ ನೋಡಿ. ಕನ್ನಡದಲ್ಲೇ ಕೆಲವರು ಕೊನೆಯ ಅಕ್ಷರಕ್ಕೆ ದೀರ್ಘ ಕೊಡುತ್ತಾರೆ, ಕೆಲವರು ಕೊಡುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಅದಕ್ಕೆ ಇನ್ನೂ ಎರಡು ಮೂರು ರೂಪ. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಪುಸ್ತಕ. ಹಳೆಯ ಕನ್ನಡ ಕಾದಂಬರಿಗಳಿಗೆ ಐಎಸ್‌ಬಿಎನ್ ನಂಬರೂ ಇರುವುದಿಲ್ಲ, ಸ್ಕ್ಯಾನ್ ಮಾಡೋಣ ಅಂದರೆ ಬಾರ್‌ಕೋಡೇ ಇಲ್ಲ.

ಫೋನಿನಲ್ಲೇ ಇಡಬೇಕು ಅಂತಿದ್ದರೆ ನಾನು ಹೇಳುವುದು ಸುಮ್ನೆ ಒಂದು ಸ್ಪ್ರೆಡ್‌ಶೀಟ್. ಒಂದು ಪುಸ್ತಕಕ್ಕೆ ಒಂದು ಸಾಲು, ಕಾರ್ಡಿನ ಬದಲು. ‘ಸ್ಥಿತಿ’ ಅಂತ ಒಂದು ಕಾಲಂ ಮಾಡಿ, ಅದರಲ್ಲಿ ‘ಕಾಯುತ್ತಿದೆ’, ‘ಕೈಯಲ್ಲಿದೆ’, ‘ಮುಗಿಯಿತು’, ‘ಬಿಟ್ಟೆ’ ಈ ನಾಲ್ಕೇ ಮಾತು. ಸಾಲನ್ನು ಎತ್ತಿ ಬೇರೆ ಶೀಟಿಗೆ ಹಾಕಬೇಡಿ, ಆ ಮಾತನ್ನು ಮಾತ್ರ ಬದಲಿಸಿ. ಲೇಖಕರ ಇನಿಷಿಯಲ್ ಹೆಸರಿನ ಹಿಂದೆ ಹಾಕಿ: ‘ಗಣೇಶಯ್ಯ ಕೆ.ಎನ್.’, ‘ನರಸಿಂಹಯ್ಯ ಎನ್.’ ಇಲ್ಲದಿದ್ದರೆ ಅಕಾರಾದಿಯಲ್ಲಿ ಅರ್ಧ ಕನ್ನಡ ಸಾಹಿತ್ಯ ‘ಎನ್’, ‘ಎಸ್’, ‘ಕೆ’ ಅಕ್ಷರದಲ್ಲೇ ಕೂತಿರುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ, ಆಗ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಎಲ್ಲವನ್ನೂ ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಯೂನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲಿ ನಾನು ಟೈಪ್ ಮಾಡಿಟ್ಟಿದ್ದ ಒಂದು ಪಟ್ಟಿ ಇವತ್ತು ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮಾಡಿ. ಯಾವ ಆ್ಯಪ್ ಬಳಸಿದರೂ ಆರು ತಿಂಗಳಿಗೊಮ್ಮೆ ನಿಮ್ಮ ಪಟ್ಟಿಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಗುಡ್‌ರೀಡ್ಸ್‌ನಲ್ಲಿ ಕಂಪ್ಯೂಟರಿನಿಂದ ‘ಎಕ್ಸ್‌ಪೋರ್ಟ್’ ಒತ್ತಿದರೆ ಸಿಎಸ್‌ವಿ ಫೈಲು ಸಿಗುತ್ತದೆ. ಅದನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಕೆಟ್ಟು ಕಾಣಬಹುದು. ಡೇಟಾ ಮೆನುವಿನಿಂದ ಒಳಗೆ ತೆಗೆದುಕೊಂಡು ಯುಟಿಎಫ್-8 ಅಂತ ಆರಿಸಿದರೆ ಸರಿಹೋಗುತ್ತದೆ. ಒಂದು ಕಾಲದಲ್ಲಿ ಮೂರು ವರ್ಷದ ನನ್ನ ಓದಿನ ಟಿಪ್ಪಣಿ ಒಂದು ಆ್ಯಪ್‌ನಲ್ಲಿತ್ತು. ಅದು ಒಂದು ದಿನ ನಿಂತುಹೋಯಿತು. ಪುಸ್ತಕಗಳ ಹೆಸರು ಹೇಗೋ ನೆನಪು ಮಾಡಿಕೊಂಡೆ. ಅರ್ಧದಲ್ಲಿ ಬರೆದ ಊಹೆಗಳು ಹೋದವು, ಅದರ ಸಂಕಟ ಇವತ್ತಿಗೂ ಇದೆ.

ಕೊನೆಗೆ ಅಮ್ಮನ ಕಟ್ಟುಗಳು. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಸಾಲು ಅದು. ‘ಸುಧಾ’ ಶುರುವಾದದ್ದು 1965ರಲ್ಲಿ. ಅಲ್ಲಿಂದ ಎಷ್ಟು ಮನೆಗಳಲ್ಲಿ ವಾರ ವಾರ ಧಾರಾವಾಹಿಯ ಹಾಳೆ ಕತ್ತರಿಸಿ, ದಬ್ಬಣದಲ್ಲಿ ತೂತು ಮಾಡಿ, ದಪ್ಪ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹಾಳೆಯನ್ನು ರಕ್ಷಾಪುಟ ಮಾಡಿ ಇಟ್ಟಿದ್ದಾರೋ! ಆಮೇಲೆ ಪುಸ್ತಕವಾಗಿ ಬರದ ಧಾರಾವಾಹಿಗಳೂ ಅದರಲ್ಲಿರುತ್ತವೆ. ಹಾಗಿದ್ದರೆ ಆ ಕಾದಂಬರಿಗೆ ನಿಮ್ಮ ಮನೆಯ ಕಟ್ಟೇ ಪುಸ್ತಕ. ಪುಸ್ತಕವಾಗಿ ಬಂದಿದ್ದರೂ ಚಿತ್ರಗಳು, ವಾರವಾರದ ‘ಇದುವರೆಗೆ’ ಅನ್ನುವ ಸಾರಾಂಶ, ಹಾಳೆಯ ಹಿಂಬದಿಯ ಜಾಹೀರಾತು ಪುಸ್ತಕದಲ್ಲಿ ಇರುವುದಿಲ್ಲ.

ಒಂದೊಂದು ಕಟ್ಟಿಗೂ ಒಂದೊಂದು ಕಾರ್ಡು ಮಾಡಿ. ಲೇಖಕರು, ಧಾರಾವಾಹಿಯ ಹೆಸರು, ಯಾವ ಪತ್ರಿಕೆ, ಯಾವ ವಾರದಿಂದ ಯಾವ ವಾರಕ್ಕೆ. ದಿನಾಂಕ ಪುಟದ ಮೇಲೋ ಕೆಳಗೋ ಇರುತ್ತದೆ, ಕತ್ತರಿಸುವಾಗ ಹೋಗಿದ್ದರೆ ಹಾಳೆಯ ಹಿಂದುಗಡೆ ನೋಡಿ, ಸಿನಿಮಾ ಬಿಡುಗಡೆಯ ಜಾಹೀರಾತೋ ಹಬ್ಬದ ರಿಯಾಯಿತಿಯೋ ಇದ್ದರೆ ವರ್ಷ ಹೊಂದಿಸಬಹುದು. ಕಂತುಗಳನ್ನು ಎಣಿಸಿ, ಯಾವ ವಾರದ್ದು ಇಲ್ಲವೋ ಬರೆದಿಡಿ. ನಡುವೆ ಒಂದು ಕಂತು ಹೋಗಿರುವುದು ಸಾಮಾನ್ಯ, ಅವತ್ತು ಪತ್ರಿಕೆಯನ್ನು ಯಾರೋ ಓದಲು ಒಯ್ದಿರುತ್ತಾರೆ. ಕಟ್ಟಿಗೆ ಗೋಂದು, ಟೇಪು ಹಾಕಬೇಡಿ, ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು ದಾರ ಕಟ್ಟಿ. ‘ಯಾಕೆ’ ಅನ್ನುವ ಸಾಲನ್ನು ಮಾತ್ರ ನೀವು ಬರೆಯಬೇಡಿ, ಅಮ್ಮನನ್ನು ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಹೋದ ಕಂತಿನಲ್ಲಿ ಏನಾಯಿತು ಅನ್ನುವುದೂ ಅವರಿಗೆ ನೆನಪಿರುತ್ತದೆ.